ಬಾಗಿಲಲ್ಲಿ ಮಲಗಿದ ವರ್ತಕ

"ಬುದ್ಧಿ, ಪುಟ್ಟತಾಯಮ್ಮನಿಗೆ ಯಾವ ಬಣ್ಣದ ಶಾಲು ಹೊದಿಸೋಣ?"

ನಂಜಯ್ಯ ಕೇಳಿದ್ದು ಇಷ್ಟೇ. ಗುರುಗಳು ಬಣ್ಣ ಹೇಳಲಿಲ್ಲ. "ಶಾಲು ಯಾಕೆ?" ಎಂದರು.

ಮಠಕ್ಕೆ ಸೇರಿದ ಒಂದು ಚಿಕ್ಕ ಆಸ್ಪತ್ರೆಯಿತ್ತು. ಅಲ್ಲಿನ ಔಷಧದ ಕೋಣೆ ಶಿಷ್ಯ ನಂಜಯ್ಯನ ಉಸ್ತುವಾರಿ. ಅವನಿಗೆ ಒಪ್ಪ ಓರಣ ಎಂದರೆ ಪ್ರಾಣ. ಸೀಸೆಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದ. ನೋಡಿದವರೆಲ್ಲ ಮೆಚ್ಚಿ ಹೋಗುತ್ತಿದ್ದರು.

"ನಿನ್ನೆ ಒಂದು ಗಂಡಾಂತರ ತಪ್ಪಿತು ಬುದ್ಧಿ" ಎಂದ ನಂಜಯ್ಯ. "ಹೊಸದಾಗಿ ಕೆಲಸಕ್ಕೆ ಸೇರಿದ ಚಿಕ್ಕೀರಮ್ಮ, ಕೆಮ್ಮಿನ ಕಷಾಯ ತಾ ಅಂದರೆ, ಕೀಲುನೋವಿಗೆ ಹಚ್ಚೋ ಔಷಧ ತಂದು ಬಟ್ಟಲಿಗೆ ಬಗ್ಗಿಸಿದ್ದಾಳೆ. ಅದು ಹೊಟ್ಟೆಗೆ ಹೋದರೆ ಮನುಷ್ಯ ಉಳಿಯೋದಿಲ್ಲ. ಪಾಪ, ಕೆಮ್ಮು ಅಂತ ಬಂದಿದ್ದ ಅಜ್ಜ ಬಟ್ಟಲನ್ನ ತುಟಿಗೆ ಇಟ್ಟೇಬಿಟ್ಟಿದ್ದ. ರೋಗಿಗಳನ್ನ ನೋಡಿಕೊಳ್ಳೋ ಪುಟ್ಟತಾಯಮ್ಮನ ಮೂಗಿಗೆ ವಾಸನೆ ಬಡೀತು. ಓಡಿಬಂದು ಕಿತ್ತುಕೊಂಡಳು. ಅವಳೊಬ್ಬಳು ಇಲ್ಲದಿದ್ದರೆ ಮಠದ ಮಾನ ಹೋಗ್ತಿತ್ತು."

"ಮತ್ತೆ ಚಿಕ್ಕೀರಮ್ಮ?"

"ನಾಳೆಯಿಂದ ಬರಬೇಡ ಅಂದಿದ್ದೀನಿ. ಅಳ್ತಾ ಕೂತಿದ್ದಾಳೆ."

"ಅವಳು ಯಾಕೆ ತಪ್ಪು ಸೀಸೆ ತಂದಳು?"

"ಎರಡೂ ಒಂದೇ ಥರ ಕಾಣ್ತವೆ ಬುದ್ಧಿ. ಒಂದೇ ಎತ್ತರ, ಪಕ್ಕಪಕ್ಕದಲ್ಲೇ ಇರ್ತವೆ. ಆದರೆ ಕೈಗೆತ್ತಿಕೊಂಡ ಮೇಲೆ ನೋಡಬೇಕು ತಾನೆ? ಎಚ್ಚರ ಅನ್ನೋದು ಬೇಡವೇ?"

ಗುರುಗಳು ಕಾಲು ಮಡಿಸಿ ಸರಿಯಾಗಿ ಕೂತರು. ಅವರು ಹಾಗೆ ಕೂತರೆ ಕತೆ ಬರುತ್ತದೆ ಎಂದು ಮಠದಲ್ಲಿ ಎಲ್ಲರಿಗೂ ಗೊತ್ತು. ನಂಜಯ್ಯನೂ ಕೂತ.

"ಬಣ್ಣ ಆಮೇಲೆ ನೋಡೋಣ. ಶಾಲಿನದೇ ಒಂದು ಕತೆ ಇದೆ, ಕೇಳು" ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ವ್ಯಾಪಾರದಲ್ಲಿ ಗಟ್ಟಿಗ, ಮನಸ್ಸು ಮಾತ್ರ ಮೆತ್ತಗೆ. ಆ ಊರಿನವರು ಕಾಯಿಲೆ ಬಿದ್ದರೆ ಹೊಳೆ ದಾಟಿ ಆಚೆಯ ಊರಿಗೆ ಹೋಗಬೇಕಿತ್ತು. ಅದನ್ನು ನೋಡಲಾರದೆ ವರ್ತಕ ಒಂದು ಆಸ್ಪತ್ರೆ ಕಟ್ಟಿಸಿದ. ಗಾಳಿಗೆ ದೊಡ್ಡ ಕಿಟಕಿಗಳನ್ನು ಇಡಿಸಿದ. ಅಂಗಳಕ್ಕೆ ತೆರೆದುಕೊಂಡ ಹಾಗೆ ರೋಗಿಗಳು ಮಲಗುವ ಪಡಸಾಲೆ. ಅದರ ಹಿಂದೆ ಗಂಜಿ, ಕಷಾಯ, ಬಿಸಿನೀರು ಕಾಯುವ ಅಡುಗೆಮನೆ. ಎರಡರ ನಡುವೆ ಒಂದೇ ಬಾಗಿಲು.

ಕಟ್ಟಡದ ಹಣೆಯ ಮೇಲೆ ನಿಮ್ಮ ಹೆಸರು ಕೆತ್ತಿಸೋಣ ಎಂದು ಊರ ಹಿರಿಯರು ಕೇಳಿದರು. ವರ್ತಕ ಕಿವಿ ಮುಚ್ಚಿಕೊಂಡ. "ಛೆ ಛೆ, ಹೆಸರು ಬೇಡ. ನಾನು ಎಲ್ಲರ ಕಾಲ ಕೆಳಗಿನವನು" ಎಂದ. ಊರು ಅವನ ವಿನಯವನ್ನು ಕೊಂಡಾಡಿತು. ಕೊಂಡಾಟ ಅವನಿಗೆ ಹಿತವಾಯಿತು. ಎಷ್ಟು ಹಿತವಾಯಿತೆಂದರೆ, ಇನ್ನೂ ಸ್ವಲ್ಪ ವಿನಯ ತೋರಿಸೋಣ ಎನ್ನಿಸಿತು.

ದೇವಸ್ಥಾನಗಳಲ್ಲಿ ನೀನು ನೋಡಿರುತ್ತೀಯ. ಬಾಗಿಲ ಮುಂದಿನ ನೆಲದಲ್ಲಿ ಒಬ್ಬ ಭಕ್ತ ಉದ್ದಕ್ಕೆ ಅಡ್ಡಬಿದ್ದ ಹಾಗೆ ಕೆತ್ತಿರುತ್ತಾರೆ. ಒಳಗೆ ಹೋಗುವವರ ಪಾದದ ಧೂಳು ತನ್ನ ಮೇಲೆ ಬೀಳಲಿ ಎಂದು ಆ ಭಕ್ತನ ಆಸೆ. ವರ್ತಕನಿಗೂ ಅದೇ ಆಸೆ ಹುಟ್ಟಿತು. ಶಿಲ್ಪಿಯನ್ನು ಕರೆಸಿದ. ತಾನು ಕೈಮುಗಿದು ಬೋರಲು ಮಲಗಿದಂತೆ ಕಲ್ಲಿನಲ್ಲಿ ಕೆತ್ತಿಸಿದ.

"ಎಲ್ಲಿ ಕೂರಿಸೋಣ ಧಣಿ?" ಎಂದು ಶಿಲ್ಪಿ ಕೇಳಿದ.

"ಎಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲುಗಳು ಓಡಾಡುತ್ತವೋ, ಅಲ್ಲಿ."

ಅದು ಅಡುಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲು. ಅಲ್ಲೇ, ಗೋಡೆಯಿಂದ ಗೋಡೆಗೆ, ಕಲ್ಲಿನ ವರ್ತಕ ಅಡ್ಡಲಾಗಿ ಮಲಗಿದ.

ದೇವಸ್ಥಾನದ ಭಕ್ತ ನೆಲಕ್ಕೆ ಅಂಟಿಕೊಂಡಿರುತ್ತಾನೆ. ಈ ಶಿಲ್ಪಿ ಪ್ರಾಮಾಣಿಕ. ಇದ್ದದ್ದನ್ನು ಇದ್ದ ಹಾಗೆ ಕೆತ್ತುವವನು. ವರ್ತಕನದು ದಿನವಿಡೀ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಿ ಬೆಳೆದ ದೇಹ. ಹೀಗಾಗಿ ಕಲ್ಲು ಸೊಂಟದ ಕೆಳಗೆ ಗೇಣುದ್ದ ಉಬ್ಬಿಕೊಂಡಿತ್ತು.

ಆಸ್ಪತ್ರೆ ಶುರುವಾಯಿತು. ಯಾರೂ ಕಲ್ಲನ್ನು ತುಳಿಯಲಿಲ್ಲ. ನಮಗಾಗಿ ಆಸ್ಪತ್ರೆ ಕಟ್ಟಿಸಿದ ಪುಣ್ಯಾತ್ಮನ ಬೆನ್ನು ತುಳಿಯುವುದುಂಟೇ? ಎಲ್ಲರೂ ಹಾರಿ ದಾಟತೊಡಗಿದರು. ಗಂಜಿಯ ಪಾತ್ರೆ ಹೊತ್ತವರು ಹಾರಿದರು. ಕಷಾಯದ ಚೊಂಬು ಹಿಡಿದವರು ಹಾರಿದರು. ಎರಡು ದಿನ ಊಟ ಸೇರದೆ ಸೊರಗಿದ ರೋಗಿ ಕೈತೊಳೆಯಲು ಎದ್ದುಹೋಗುವಾಗ, ಒಂದು ಕ್ಷಣ ನಿಂತು, ಕಲ್ಲಿಗೆ ಕೈಮುಗಿದು, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಹಾರಿದ. ಹಾರಿದವರಲ್ಲಿ ಕೆಲವರು ಆಚೆ ತಲುಪಿದರು. ಕೆಲವರು ತಲುಪಲಿಲ್ಲ. ಜ್ವರಕ್ಕೆಂದು ಬಂದವರು ಜ್ವರ ಬಿಟ್ಟು ಕುಂಟುತ್ತಾ ಮನೆಗೆ ಹೋದರು.

ಆಸ್ಪತ್ರೆಯ ವೈದ್ಯರಾದ ಪಂಡಿತರಿಗೆ ತಲೆಬಿಸಿಯಾಯಿತು. ಹಿರಿಯರ ಹತ್ತಿರ ಹೋದರು. ಹಿರಿಯರು ಬಿದ್ದವರನ್ನು ಕರೆಸಿ ಕೇಳಿದರು.

"ಏನಮ್ಮಾ, ಕಣ್ಣು ಎಲ್ಲಿಟ್ಟಿದ್ದೆ?"

"ಕಲ್ಲಿನ ಮೇಲೇ ಇಟ್ಟಿದ್ದೆ ಸ್ವಾಮಿ. ಕಾಲು ಇಡಬಾರದು ಅಂತ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲು ತೆಗೆಯಿರಿ ಎಂದು ವರ್ತಕನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟು ಒಳ್ಳೆಯ ಮನುಷ್ಯನ ಮನಸ್ಸು ನೋಯಿಸುವುದು ಹೇಗೆ? ಕೊನೆಗೆ ಒಂದು ದಾರಿ ಹುಡುಕಿದರು. ಬೀಳುವವರನ್ನು ಹಿಡಿದುಕೊಳ್ಳಲು ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸುವುದು.

"ಅಲ್ಲ ಬುದ್ಧಿ!" ನಂಜಯ್ಯನಿಗೆ ತಡೆಯಲಾಗಲಿಲ್ಲ. "ವರ್ತಕನಿಗೆ ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ?"

"ಕತೆ ಕೇಳ್ತಾ ಕೂತವರಿಗೆ ಅದು ಸುಲಭ" ಎಂದು ಗುರುಗಳು ಮುಂದುವರಿಸಿದರು.

ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ವಯಸ್ಸಾಗಿ ಅಖಾಡ ಬಿಟ್ಟಿದ್ದ. ತೋಳು ಮಾತ್ರ ಇನ್ನೂ ಚುರುಕು. ಅವನ ಹೆಂಡತಿ ಆಗಲೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಗಂಜಿ ಕಾಯಿಸುವ ಕೆಲಸದಲ್ಲಿದ್ದಳು. ಹಿರಿಯರು ಕರೆದು ಕೇಳಿದರು. ಪೈಲ್ವಾನ ಒಪ್ಪಿದ. ಅಖಾಡ ಬಿಟ್ಟ ಮೇಲೆ ಅವನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ.

ಮೊದಲ ದಿನವೇ ಒಬ್ಬಳು ಅಜ್ಜಿ ಹಾರುವಾಗ ಮುಗ್ಗರಿಸಿದಳು. ಪೈಲ್ವಾನ ಎಡಗೈಯಲ್ಲಿ ಅಜ್ಜಿಯನ್ನು, ಬಲಗೈಯಲ್ಲಿ ಅವಳ ಚೊಂಬನ್ನು ಹಿಡಿದ. ಚೊಂಬಿನಿಂದ ಒಂದು ಹನಿ ಚೆಲ್ಲಲಿಲ್ಲ. ಪಡಸಾಲೆಯಲ್ಲಿ ಮಲಗಿದ್ದವರೆಲ್ಲ ಎದ್ದು ಕೂತು ಚಪ್ಪಾಳೆ ಹೊಡೆದರು. ಅಜ್ಜಿ, "ನಮ್ಮಪ್ಪ ಕೂಡ ನನ್ನನ್ನ ಹೀಗೆ ಎತ್ತಿರಲಿಲ್ಲ ಕಣಪ್ಪ" ಎಂದಳು. ಪೈಲ್ವಾನನಿಗೆ ಕಣ್ಣು ತುಂಬಿ ಬಂತು. ಅಖಾಡದಲ್ಲಿ ಅವನು ಜೀವಮಾನವೆಲ್ಲ ಜನರನ್ನು ಕೆಡವಿದವನು. ಎತ್ತಿ ಹಿಡಿದರೂ ಚಪ್ಪಾಳೆ ಬೀಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಅವನು ಬಾಗಿಲು ಬಿಟ್ಟು ಅಲುಗಲಿಲ್ಲ. ಯಾರ ನಡಿಗೆ ಹೇಗೆ, ಯಾರು ಯಾವ ಕಾಲು ಮೊದಲು ಎತ್ತುತ್ತಾರೆ, ಯಾರು ಹಾರುವ ಮುಂಚೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ಎಲ್ಲ ಅವನಿಗೆ ಬಾಯಿಪಾಠವಾಯಿತು. ಬಿದ್ದವರು ನೆಲ ಮುಟ್ಟುತ್ತಿರಲಿಲ್ಲ. ರೋಗಿಗಳನ್ನು ನೋಡಲು ಬಂದ ನೆಂಟರು ಪೈಲ್ವಾನನನ್ನೂ ನೋಡಿಕೊಂಡು ಹೋಗುತ್ತಿದ್ದರು.

ಆಸ್ಪತ್ರೆಗೆ ವರ್ಷ ತುಂಬಿದಾಗ ಅಂಗಳದಲ್ಲಿ ವೇದಿಕೆ ಹಾಕಿ ಅವನಿಗೆ ಸನ್ಮಾನ ಮಾಡಿದರು. ವರ್ತಕ ತನ್ನ ಕೈಯಾರೆ ಶಾಲು ಹೊದಿಸಿದ. ಪೇಟ ಇಟ್ಟರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. "ಇವರು ಇಲ್ಲದಿದ್ದರೆ ನಮ್ಮ ಗತಿಯೇನು?" ಎಂದು ಹಿರಿಯರು ಭಾಷಣ ಮಾಡಿದರು. ಆ ಪ್ರಶ್ನೆಗೆ ಯಾರೂ ಉತ್ತರ ಹುಡುಕಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡರು.

ಮುಂದಿನ ವರ್ಷ ಇನ್ನೊಂದು ಶಾಲು ಬಂತು. ಅದರ ಮುಂದಿನ ವರ್ಷ ಮತ್ತೊಂದು. ಪೈಲ್ವಾನ ಅವನ್ನೆಲ್ಲ ಟ್ರಂಕಿನಲ್ಲಿ ಮಡಿಸಿಟ್ಟು, ಆಗಾಗ ಬಿಸಿಲಿಗೆ ಹಾಕುವ ನೆಪದಲ್ಲಿ ಬೀದಿಯವರಿಗೆಲ್ಲ ಕಾಣುವ ಹಾಗೆ ಹರವುತ್ತಿದ್ದ.

ಅಷ್ಟರಲ್ಲಿ ಊರಿನ ಹೆಂಗಸರಿಗೆ ಕಲ್ಲಿನ ಮೇಲೆ ಭಕ್ತಿ ಬಂತು. ಯಾರೂ ತುಳಿಯದ ಕಲ್ಲು, ಎಲ್ಲರೂ ಕೈಮುಗಿಯುವ ಕಲ್ಲು, ಅದಕ್ಕೆ ಎಣ್ಣೆ ಎರೆಯದೆ ಇರುವುದು ಹೇಗೆ? ಒಬ್ಬಳು ಎರೆದಳು. ಅವಳ ಮಗನ ಕೆಮ್ಮು ವಾಸಿಯಾಯಿತು. ವಾಸಿ ಮಾಡಿದ್ದು ಪಂಡಿತರ ಕಷಾಯ. ಹೆಸರು ಬಂದದ್ದು ಎಣ್ಣೆಗೆ. ಆಮೇಲೆ ದಿನಾ ಎಣ್ಣೆ, ಅರಿಸಿನ, ಹೂವು. ಬಾಗಿಲು ಜಾರಲು ಶುರುವಾಯಿತು. ಬೀಳುವವರು ಹೆಚ್ಚಿದರು. ಪೈಲ್ವಾನನ ಕೀರ್ತಿಯೂ ಹೆಚ್ಚಿತು.

ಆ ವರ್ಷ ಪೈಲ್ವಾನನ ಮನೆಯಲ್ಲಿ ಒಂದು ಸಂತೋಷವಾಯಿತು. ಮದುವೆಯಾಗಿ ಬಹಳ ಕಾಲ ಮಕ್ಕಳಿಲ್ಲದ ಅವನ ಹೆಂಡತಿ ಬಸುರಿಯಾದಳು. ಪೈಲ್ವಾನ ಮನೆಯಲ್ಲಿ ಹಾಲಿನ ಪಾತ್ರೆಯನ್ನೂ ಅವಳಿಗೆ ಎತ್ತಲು ಬಿಡಲಿಲ್ಲ. ಆಸ್ಪತ್ರೆ ಕೆಲಸ ಬಿಟ್ಟುಬಿಡು ಎಂದ. ಅವಳು ಬಿಡಲಿಲ್ಲ. "ಮನೇಲಿ ಕೂತು ಏನು ಮಾಡಲಿ? ನಿಮ್ಮ ಶಾಲು ಎಣಿಸಲಾ?" ಎಂದಳು. ಹೊಟ್ಟೆ ಮುಂದೆ ಬಂದಂತೆಲ್ಲ ಅವಳಿಗೆ ಕಾಲ ಕೆಳಗಿನ ನೆಲ ಕಾಣದಾಯಿತು. ಆದರೂ ಗಂಜಿ ಎತ್ತಿಕೊಂಡು ಆ ಬಾಗಿಲು ದಾಟಲೇಬೇಕಿತ್ತು. ಅವಳು ಬರುವ ಸದ್ದು ಕೇಳಿದರೆ ಪೈಲ್ವಾನ ಬೇರೆ ಯಾರ ಕಡೆಗೂ ನೋಡುತ್ತಿರಲಿಲ್ಲ. ಪಾತ್ರೆ ತಾನು ಇಸಿದುಕೊಂಡು, ತೋಳು ಹಿಡಿದು ದಾಟಿಸುತ್ತಿದ್ದ.

ಒಂದು ದಿನ ಅವಳು ಹೇಳಿದಳು, "ರೀ, ಆ ಕಲ್ಲು ತೆಗೆಸಿ ಅಂತ ಧಣಿಗೆ ಒಂದು ಮಾತು ಹೇಳ್ರೀ."

"ನಾನಿದ್ದೀನಲ್ಲೇ. ನನ್ನ ಕೈ ತಪ್ಪಿ ಇಲ್ಲೀತನಕ ಯಾರಾದರೂ ನೆಲಕ್ಕೆ ಬಿದ್ದಿದ್ದಾರಾ?"

"ಇಲ್ಲ. ಅದಕ್ಕೇ ಆ ಕಲ್ಲು ಅಲ್ಲೇ ಇದೆ."

"ಅಂದ್ರೆ?"

"ನೀವು ಹಿಡೀತೀರಿ ಅಂತ ಅದು ಇದೆ. ಅದು ಇದೆ ಅಂತ ನಿಮಗೆ ಶಾಲು ಇದೆ. ನನ್ನ ಹೊಟ್ಟೇಲಿರೋದಕ್ಕೆ ಶಾಲು ಗೀಲು ಗೊತ್ತಿಲ್ಲ. ನೀವು ಒಂದು ಸಲ ಸೀನಿದರೆ ನನ್ನ ಕತೆ ಮುಗೀತು."

ಪೈಲ್ವಾನ ನಕ್ಕುಬಿಟ್ಟ. ಆದರೆ ಮಾತು ಒಳಗೆ ಕೂತಿತು. ಮಾರನೆಯ ದಿನ ಬಾಗಿಲಲ್ಲಿ ನಿಂತಾಗ ಸೀನು ಬಂದಂತಾಯಿತು. ಮೂಗು ಹಿಡಿದುಕೊಂಡು ತಡೆದ. ಸಂಜೆಯ ಹೊತ್ತಿಗೆ ಅವನ ಮೂಗು ಕೆಂಪಾಗಿತ್ತು. ನೇರ ವರ್ತಕನ ಅಂಗಡಿಗೆ ಹೋದ.

"ಬಾ ಪೈಲ್ವಾನ, ಬಾ" ಎಂದು ವರ್ತಕ ಹತ್ತಿರ ಕೂರಿಸಿಕೊಂಡ. "ನಿನ್ನ ವಿಷಯವೇ ಮಾತಾಡ್ತಿದ್ದೆವು. ಈ ವರ್ಷ ಬರೀ ಶಾಲಲ್ಲ. ಜರಿ ಶಾಲು. ಜತೆಗೆ ಬೆಳ್ಳಿ ತೋಡಾ ಮಾಡಿಸಿದ್ದೀನಿ, ಈ ಕೈಗೆ. ಊರನ್ನೇ ಹಿಡಿದ ಕೈ ಕಣಯ್ಯಾ ಇದು! ಅದಿರಲಿ, ಏನೋ ಹೇಳೋಕೆ ಬಂದ ಹಾಗಿತ್ತು?"

ಪೈಲ್ವಾನ ತನ್ನ ಬರಿಗೈ ನೋಡಿಕೊಂಡ. ಅಲ್ಲಿ ತೋಡಾ ಹೇಗೆ ಕಾಣಬಹುದು ಎಂದು ಒಂದು ಕ್ಷಣ ಯೋಚಿಸಿದ. ಆ ಒಂದು ಕ್ಷಣ ಸಾಕಾಯಿತು.

"ಏನಿಲ್ಲ ಧಣಿ. ಸುಮ್ಮನೆ ಬಂದೆ" ಎಂದ.

ಸನ್ಮಾನ ಒಂದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡು ಮನೆಗೆ ಬಂದ. ಹೆಂಡತಿ ಅವನ ಮುಖ ನೋಡಿದಳು. ತಟ್ಟೆ ಇಟ್ಟಳು. ಬಡಿಸಿದಳು.

ಸನ್ಮಾನದ ದಿನ ಬಂತು. ಅಂಗಳದಲ್ಲಿ ವೇದಿಕೆ. ವೇದಿಕೆಯ ಮೇಲೆ ಕೂತರೆ ಪಡಸಾಲೆ ದಾಟಿ ಅಡುಗೆಮನೆಯ ಬಾಗಿಲವರೆಗೆ ನೇರ ಕಾಣುತ್ತಿತ್ತು. ಊರಿಗೆ ಊರೇ ಸೇರಿತು. ಹಿಡಿಯುವವನಿಗೆ ಸನ್ಮಾನ ಮಾಡುವಾಗ ಬಾಗಿಲಲ್ಲಿ ಹಿಡಿಯುವವರು ಯಾರು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಜರಿ ಶಾಲು ಹೊದಿಸಿದರು. ಪೇಟ ಇಟ್ಟರು. ಹಾರ ಹಾಕಿದರು. ಎರಡೂ ಕೈಗೆ ತುಂಬಿದ ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಶುರುವಾಯಿತು. ಹಿರಿಯರಿಗೆ ಪೈಲ್ವಾನನ ತೋಳಿನ ಬಗ್ಗೆ ಹೇಳಲು ಬಹಳವಿತ್ತು.

ಅಡುಗೆಮನೆಯಲ್ಲಿ ಅವನ ಹೆಂಡತಿ ಗಂಜಿ ಮಾಡಿಟ್ಟು ಕಾದಳು. ಭಾಷಣ ಮುಗಿದು ಗಂಡ ಬಂದು ದಾಟಿಸಲಿ ಎಂದು ಕಾದಳು. ಗಂಜಿ ಆರಿತು. ಭಾಷಣ ಆರಲಿಲ್ಲ. ಪಡಸಾಲೆಯಿಂದ ಒಬ್ಬ ರೋಗಿ, "ಅಮ್ಮಾ, ಹೊಟ್ಟೆ ಚುರುಗುಟ್ಟುತ್ತೆ, ಸನ್ಮಾನ ತಿಂದು ಮಲಗೋಕಾಗುತ್ತಾ?" ಎಂದು ಕೂಗಿದ. ಅವಳು ಪಾತ್ರೆ ಎತ್ತಿಕೊಂಡಳು.

ಅದೇ ಹೊತ್ತಿಗೆ ಬೆಳ್ಳಿ ತೋಡಾ ಕೊಡುವ ಸಮಯ ಬಂತು. ತೋಡಾ ಇಟ್ಟ ತಟ್ಟೆಯನ್ನು ಕಲ್ಲಿನ ಮುಂದೆ ಪೂಜೆಗೆ ಇಟ್ಟಿದ್ದರು. ಅದು ಅಲ್ಲೇ ಉಳಿದಿತ್ತು. ಆಳನ್ನು ಕಳಿಸುವುದು ಬೇಡ, ನಾನೇ ತರುತ್ತೇನೆ ಎಂದು ವರ್ತಕ ಎದ್ದು ಒಳಗೆ ಹೋದ. ಅವನ ವಿನಯ ನೋಡಿ ಜನ ತಲೆದೂಗಿದರು.

ಪೈಲ್ವಾನ ವೇದಿಕೆಯ ಮೇಲಿಂದ ನೋಡಿದ. ಬಾಗಿಲ ಆಚೆ ಹೆಂಡತಿ. ಕೈಯಲ್ಲಿ ಪಾತ್ರೆ. ಕೆಳಗೆ ಎಣ್ಣೆ ಹೊಳೆಯುವ ಕಲ್ಲು. ಅವಳು ಒಂದು ಕಾಲು ಎತ್ತಿದಳು.

"ನಿಲ್ಲೇ! ನಿಲ್ಲು!" ಎಂದು ಅರಚಿದ.

ಪೈಲ್ವಾನ ಭಾವುಕನಾಗಿದ್ದಾನೆ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ಅವನು ಬುಟ್ಟಿ ಎಸೆದು ಓಡಿದ. ಜರಿ ಶಾಲಿನ ತುದಿ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತು. ಯಾರನ್ನೂ ನೆಲ ಮುಟ್ಟಲು ಬಿಡದ ಪೈಲ್ವಾನ ವೇದಿಕೆಯಿಂದ ಕೆಳಗೆ ಉದ್ದಕ್ಕೆ ಬಿದ್ದ. ಪೇಟ ಒಂದು ಕಡೆ ಉರುಳಿತು. ಮೋಸಂಬಿ ಎಲ್ಲ ಕಡೆ ಉರುಳಿದವು. ಹಿಡಿಯಲು ಒಬ್ಬರೂ ಬರಲಿಲ್ಲ. ಆ ಊರಿನಲ್ಲಿ ಹಿಡಿಯುವುದು ಒಬ್ಬನದೇ ಕೆಲಸವಾಗಿತ್ತು.

ಒಳಗೆ ಅವಳ ಕಾಲು ಎಣ್ಣೆಯ ಮೇಲೆ ಬಿತ್ತು. ಜಾರಿತು. ಅದೇ ಗಳಿಗೆಯಲ್ಲಿ ವರ್ತಕ ತಟ್ಟೆ ಎತ್ತಿಕೊಳ್ಳಲು ಕಲ್ಲಿನ ಈಚೆಯಿಂದ ಬಗ್ಗಿದ್ದ. ಅವಳು ನೇರ ಅವನ ಬೆನ್ನ ಮೇಲೆ ಬಂದು ಕೂತಳು. ವರ್ತಕ ಬೋರಲು ಬಿದ್ದ. ಕಲ್ಲಿನ ವರ್ತಕನ ಮೇಲೆ ನಿಜವಾದ ವರ್ತಕ, ಅದೇ ಭಂಗಿಯಲ್ಲಿ, ಕೈ ಮುಂದಕ್ಕೆ ಚಾಚಿಕೊಂಡು. ಗಂಜಿ ಇಬ್ಬರ ಮೇಲೂ ಸುರಿಯಿತು.

ಪೈಲ್ವಾನ ಎದ್ದು ಓಡಿಬಂದಾಗ ಹೆಂಡತಿ ಆ ಅಗಲವಾದ ಬೆನ್ನ ಮೇಲೆ ದಿಂಬಿನ ಮೇಲೆ ಕೂತ ಹಾಗೆ ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಒದೀತಾ ಇದೆ" ಎಂದಳು. "ಸರಿಯಾಗೇ ಒದೀತಾ ಇದೆ." ಆಮೇಲೆ ತಾನು ಎಲ್ಲಿ ಕೂತಿದ್ದೇನೆ ಎಂದು ನೋಡಿ ಗಾಬರಿಯಾದಳು. "ಅಯ್ಯೋ ಧಣಿ! ನಿಮ್ಮನ್ನೇ ತುಳಿದುಬಿಟ್ಟೆನಲ್ಲ!"

ಕೆಳಗಿನಿಂದ ವರ್ತಕನ ದನಿ ಬಂತು. "ತುಳೀಲಿ ಅಂತಲೇ ಮಲಗಿದ್ದು ತಾಯಿ. ಆದರೆ ಈಗ ಇಳಿ."

ಅವಳನ್ನು ಇಳಿಸಿದರು. ಪಂಡಿತರು ನಾಡಿ ನೋಡಿ, ತಾಯಿಗೂ ಮಗುವಿಗೂ ಏನೂ ಆಗಿಲ್ಲ ಎಂದರು. ಆಗಿದ್ದು ವರ್ತಕನಿಗೆ. ಮಂಡಿ ಉಳುಕಿ ಬೂದುಗುಂಬಳದಷ್ಟಾಗಿತ್ತು. ಬಿಸಿನೀರಿನ ಶಾಖ ಕೊಡಬೇಕು, ಅಡುಗೆಮನೆಯ ಕಡೆಗೆ ಕರೆದೊಯ್ಯಿರಿ ಎಂದರು. ನಾಲ್ಕು ಜನ ಅವನನ್ನು ಮಂಚಸಮೇತ ಎತ್ತಿದರು. ಬಾಗಿಲಿಗೆ ಬಂದರು. ಮುಂದಿನ ಇಬ್ಬರು ನಿಂತು, ಕಲ್ಲಿಗೆ ನಮಸ್ಕಾರ ಮಾಡಿ, ಹಾರಿದರು. ಮಂಚ ವಾಲಿತು.

"ಏಯ್! ಏಯ್! ಏನು ಮಾಡ್ತಿದ್ದೀರೋ?" ವರ್ತಕ ಎರಡೂ ಕೈಯಲ್ಲಿ ಮಂಚ ಹಿಡಿದುಕೊಂಡ.

"ನಿಮ್ಮನ್ನ ದಾಟ್ತಿದ್ದೀವಿ ಧಣಿ."

"ದಾಟಬೇಡ್ರೋ, ತುಳೀರಿ!"

"ಉಂಟೇ ಧಣಿ! ನಿಮ್ಮನ್ನ ತುಳಿಯೋದಾ?"

"ಹಾಗಾದರೆ ಇಳಿಸ್ರಪ್ಪಾ. ನಿಮ್ಮ ಪುಣ್ಯ, ಇಳಿಸಿ."

ಮಂಚ ಇಳಿಸಿದರು. ವರ್ತಕ ತನ್ನ ಕಲ್ಲಿನ ಎದುರು ಕೂತ. ಕಲ್ಲು ಕೂರಿಸಿದ ಮೇಲೆ ಅವನು ಅದನ್ನು ರೋಗಿಯ ಎತ್ತರದಿಂದ ನೋಡಿದ್ದು ಅದೇ ಮೊದಲು. ಗೇಣುದ್ದದ ಉಬ್ಬು ಅಲ್ಲಿಂದ ಗುಡ್ಡದ ಹಾಗೆ ಕಾಣುತ್ತಿತ್ತು. ಅವನು ಪಂಡಿತರನ್ನು ಕೇಳಿದ, "ಜನ ಬೀಳೋದು ಇದರಿಂದಲೇನಾ?"

ಪಂಡಿತರು ಗಂಟಲು ಸರಿಮಾಡಿಕೊಂಡರು. "ಬೀಳೋದಿಲ್ಲ ಧಣಿ. ಪೈಲ್ವಾನ ಹಿಡೀತಾರೆ."

ವರ್ತಕ ಪೈಲ್ವಾನನ ಕಡೆ ತಿರುಗಿದ. "ಅವತ್ತು ಅಂಗಡಿಗೆ ಬಂದಿದ್ದೆಯಲ್ಲ. ಏನು ಹೇಳೋಕೆ ಬಂದಿದ್ದೆ?"

ಎಲ್ಲರೂ ಪೈಲ್ವಾನನನ್ನು ನೋಡಿದರು. ಅವನ ಹಣೆಯ ಮೇಲೆ ಮೋಸಂಬಿ ಗಾತ್ರದ ಬುಗುಟು ಎದ್ದಿತ್ತು. ಜರಿ ಶಾಲು ಇನ್ನೂ ಹೆಗಲ ಮೇಲಿತ್ತು. ಬೆಳ್ಳಿ ತೋಡಾ ಅವನ ಕಾಲ ಹತ್ತಿರವೇ ಬಿದ್ದಿತ್ತು. ಈಗ ಬಾಯಿಬಿಟ್ಟರೆ ಎರಡೂ ಇಲ್ಲ. ಬಾಗಿಲೂ ಇಲ್ಲ, ಚಪ್ಪಾಳೆಯೂ ಇಲ್ಲ. ಅವನು ಹೆಂಡತಿಯ ಕಡೆ ನೋಡಿದ. ಅವಳು ಹೊಟ್ಟೆಯ ಮೇಲಿನ ಗಂಜಿ ಒರೆಸಿಕೊಳ್ಳುತ್ತಿದ್ದಳು.

"ಈ ಕಲ್ಲು ತೆಗೆಸಿ ಅಂತ ಹೇಳೋಕೆ ಬಂದಿದ್ದೆ ಧಣಿ" ಎಂದ.

"ಮತ್ತೆ ಯಾಕೆ ಹೇಳಲಿಲ್ಲ?"

"ತೋಡಾ ಅಂದಿರಲ್ಲ."

ವರ್ತಕ ಅವನನ್ನು ನೋಡಿದ. ಆಮೇಲೆ ಕಲ್ಲನ್ನು ನೋಡಿದ. ಮೈಮೇಲೆಲ್ಲ ಗಂಜಿ ಇಟ್ಟುಕೊಂಡು ಜೋರಾಗಿ ನಗತೊಡಗಿದ. "ನಿನಗೆ ತೋಡಾ ಆಸೆ, ನನಗೆ ಕಾಲಧೂಳಿನ ಆಸೆ. ಪಾಪ, ಜನ ಬಂದದ್ದು ಬರೀ ವಾಸಿಯಾಗೋಕೆ" ಎಂದ. "ಎತ್ತು ಇದನ್ನ."

ಕೆಲವರು ಹಾರೆ ಹಾಕಿ ಮೀಟಿದರು. ಎಣ್ಣೆ ಕುಡಿದ ಕಲ್ಲು, ಕೈಗೆ ಹಿಡಿತ ಸಿಗಲಿಲ್ಲ. ಪೈಲ್ವಾನ ಹೆಗಲ ಮೇಲಿನ ಜರಿ ಶಾಲು ತೆಗೆದ. ಕಲ್ಲಿಗೆ ಸುತ್ತಿದ. ಶಾಲಿನ ಹಿಡಿತದಲ್ಲಿ ಕಲ್ಲು ಎದ್ದಿತು. ಜರಿ ಹರಿದುಹೋಯಿತು. ಅವನು ಅದನ್ನು ನೋಡಲೂ ಇಲ್ಲ.

"ಹಿತ್ತಲಿಗೆ ಎಸೀರಿ" ಎಂದ ವರ್ತಕ.

"ಬೇಡ ಧಣಿ" ಎಂದಳು ಪೈಲ್ವಾನನ ಹೆಂಡತಿ. "ಎಷ್ಟು ದಿನ ಅಂತ ಮಲಗಿರ್ತೀರಿ? ಗೋಡೆಗೆ ನಿಲ್ಲಿಸೋಣ."

ಬಾಗಿಲ ಪಕ್ಕದ ಗೋಡೆಗೆ ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಗಾರೆ ಹಾಕಿದರು. ಅಡ್ಡಬಿದ್ದಿದ್ದ ವರ್ತಕ ಎದ್ದು ನಿಂತು, ಕೈ ಮೇಲೆತ್ತಿ ಗೋಡೆಗೆ ನಮಸ್ಕಾರ ಮಾಡುವ ಹಾಗೆ ಕಂಡ. ಸೊಂಟದ ಕೆಳಗಿನ ಆ ಗೇಣುದ್ದದ ಉಬ್ಬು ಸರಿಯಾಗಿ ಕೈಗೆ ಸಿಗುವ ಎತ್ತರಕ್ಕೆ ಬಂತು. ಮೊದಲು ಅದನ್ನು ಹಿಡಿದುಕೊಂಡದ್ದು ವರ್ತಕನೇ. ಮಂಡಿ ನೋವಿನಲ್ಲಿ ಮಂಚದಿಂದ ಏಳಲು ಏನಾದರೂ ಆಸರೆ ಬೇಕಿತ್ತು. ತನ್ನದನ್ನೇ ಹಿಡಿದು ಎದ್ದು ನಿಂತ. ಆ ದಿನ ಆಸ್ಪತ್ರೆಯಲ್ಲಿ ನಗದೆ ಇದ್ದವರು ಯಾರೂ ಇಲ್ಲ. ಹೊಲಿಗೆ ಹಾಕಿಸಿಕೊಂಡಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಲ್ಲಿದ್ದ ಜಾಗವನ್ನು ಸಮ ಮಾಡಿದರು. ಎಣ್ಣೆ ತಂದ ಹೆಂಗಸರಿಗೆ ಪಂಡಿತರು ಬಾಗಿಲ ಮೇಲೊಂದು ದೀಪ ತೋರಿಸಿದರು. ಎಣ್ಣೆ ದೀಪಕ್ಕೆ ಹೋಯಿತು. ಬಾಗಿಲಿಗೆ ಬೆಳಕೂ ಬಂತು. ನೋವಿದ್ದವರು, ತಲೆಸುತ್ತು ಇದ್ದವರು, ವಯಸ್ಸಾದವರು ಎಲ್ಲರೂ ಆ ಕಲ್ಲನ್ನು ಹಿಡಿದೇ ದಾಟತೊಡಗಿದರು. ವರ್ತಕ ಬಯಸಿದ ಕಾಲಿನ ಧೂಳು ಸಿಗಲಿಲ್ಲ. ಅಷ್ಟು ಕೈಗಳ ಬಿಸಿ ಸಿಕ್ಕಿತು.

ಮತ್ತೆ ವರ್ಷ ತುಂಬಿತು. ಹಿರಿಯರು ಸನ್ಮಾನಕ್ಕೆ ಹೆಸರು ಹುಡುಕಲು ಕೂತರು. ಯಾರೂ ಬಿದ್ದಿರಲಿಲ್ಲ. ಯಾರೂ ಯಾರನ್ನೂ ಹಿಡಿದಿರಲಿಲ್ಲ. "ಈ ವರ್ಷ ಹೇಳಿಕೊಳ್ಳೋ ಅಂಥದ್ದು ಏನೂ ಆಗಲೇ ಇಲ್ಲವಲ್ಲ" ಎಂದು ಒಬ್ಬರು ಬೇಸರ ಪಟ್ಟುಕೊಂಡರು. ಸಮಾರಂಭ ನಿಂತುಹೋಯಿತು.

ಆ ಹೊತ್ತಿಗೆ ಪೈಲ್ವಾನ ಅಡುಗೆಮನೆಯಿಂದ ಗಂಜಿಯ ಪಾತ್ರೆ ಹೊತ್ತು ತರುತ್ತಿದ್ದ. ಈಗ ಅದೇ ಅವನ ಕೆಲಸ. ಹಳೆಯ ಶಾಲುಗಳು ಮನೆಯಲ್ಲಿ ತೊಟ್ಟಿಲಿಗೆ ಹಾಸಿಗೆಯಾಗಿದ್ದವು. ಅವನ ಮುಂದೆ ಅವನ ಮಗಳು ಅಂಬೆಗಾಲಿಡುತ್ತಾ ಹೋಗುತ್ತಿದ್ದಳು. ಬಾಗಿಲು ಬಂತು. ಅಭ್ಯಾಸಬಲದಿಂದ ಪೈಲ್ವಾನನ ಒಂದು ಕೈ ಮುಂದೆ ಹೋಯಿತು. ಮಗು ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಬಾಗಿಲು ಇದೆ ಎಂದೇ ಗೊತ್ತಾಗದ ಹಾಗೆ ದಾಟಿ ಹೋಯಿತು. ಹಿಡಿಯಲು ಏನೂ ಇರಲಿಲ್ಲ. ಪೈಲ್ವಾನ ಆ ಖಾಲಿ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಪಾತ್ರೆಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

ನಂಜಯ್ಯ ಇನ್ನೂ ಕಣ್ಣೊರೆಸಿಕೊಂಡು ನಗುತ್ತಿದ್ದ. "ಎಂಥಾ ಊರು ಬುದ್ಧಿ ಅದು! ಕಲ್ಲು ತೆಗೆಯೋದು ಬಿಟ್ಟು ಶಾಲು ಹೊದಿಸ್ತಾ ಕೂತಿದ್ದರಲ್ಲ!" ಎಂದ. ಆಮೇಲೆ ತಾನು ಬಂದ ಕೆಲಸ ನೆನಪಾಯಿತು. "ಹಾಗಾದರೆ ಪುಟ್ಟತಾಯಮ್ಮನಿಗೆ ಶಾಲು ಬೇಡ ಅಂತೀರಾ?"

"ಹೊದಿಸು, ಜೀವ ಉಳಿಸಿದ್ದಾಳೆ. ಯಾವ ಬಣ್ಣವಾದರೂ ಆದೀತು" ಎಂದರು ಗುರುಗಳು.

ನಂಜಯ್ಯ ಸಮಾಧಾನದಿಂದ ಎದ್ದ. ಬಾಗಿಲವರೆಗೆ ಹೋಗಿದ್ದ. ಹಿಂದಿನಿಂದ ಗುರುಗಳು ಕೇಳಿದರು:

"ನಂಜಯ್ಯ, ಆ ಎರಡು ಸೀಸೆ ಈಗ ಎಲ್ಲಿವೆ?"